ಮೂಗಿನ ಕುಳಿ ಮತ್ತು ಪೆನ್ಶನ್ನಿನ ಕಡತ

ಬೀಳಗಿ, ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿ ಕಡೆಯಿಂದ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ ಬೇರೆ ರೆಜಿಮೆಂಟಿಗೋ ಸೇರಿ, ಜೈಸಲ್ಮೇರಿನ ಮರಳು, ಕಾರ್ಗಿಲ್ಲಿನ ಥಂಡಿ ಉಂಡು ಊರಿಗೆ ಮರಳಿದವರಲ್ಲಿ ಕೆಲವರಿಗೆ ನೆಗಡಿ ಬಿಟ್ಟಿರುವುದಿಲ್ಲ. ಹಣೆ ಭಾರ, ಕೆನ್ನೆ ನೋವು, ಗಂಟಲಿಗೆ ಇಳಿಯುವ ಕಫ, ವಾಸನೆಯೇ ತಿಳಿಯದ ಮೂಗು. ಇದಕ್ಕೆ ಡಿಸೆಬಿಲಿಟಿ ಪೆನ್ಶನ್ ಸಿಗುತ್ತದೆಯೇ ಎಂದು ಅವರು ಕೇಳುತ್ತಾರೆ. ಸಿಗಬಹುದು. ಆದರೆ ಮೇಲ್ಮನವಿ ಬರೆಯುವವರಲ್ಲಿ ಹೆಚ್ಚಿನವರು ತಮ್ಮ ನೋವು ಎಷ್ಟು ಎಂಬುದನ್ನೇ ನಾಲ್ಕು ಪುಟ ಬರೆದು, ಆ ನೋವಿಗೂ ಸೇವೆಗೂ ನಂಟು ಏನು ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಸೋಲು ಹುಟ್ಟುವುದು ಅಲ್ಲಿ. ನಂಟನ್ನು ಬರೆಯಬೇಕಾದರೆ ಮೂಗು ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿಯಬೇಕು.

ಸೈನಸ್ ಎಂದರೆ ಮುಖದ ಎಲುಬಿನೊಳಗಿನ ಗಾಳಿ ತುಂಬಿದ ಕುಳಿ. ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ, ಹೀಗೆ ನಾಲ್ಕು ಜೊತೆ. ಉರಿಯೂತ 12 ವಾರಕ್ಕೂ ಮೀರಿ ಉಳಿದರೆ ಅದು ದೀರ್ಘಕಾಲದ ಸೈನಸೈಟಿಸ್. ನಮ್ಮ ಹಿರಿಯರು ಪೀನಸ ಎನ್ನುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ.

ಇನ್ನು ಕೆನ್ನೆಯ ಕುಳಿಯನ್ನು ಸ್ವಲ್ಪ ನಿಂತು ನೋಡಬೇಕು; ಇಷ್ಟು ಸೊಗಸಾದ ಏರ್ಪಾಡು ದೇಹದಲ್ಲಿ ಕಡಿಮೆ. ಹರವಿಯ ತೂತು ತಳದಲ್ಲಿರದೆ ಕುತ್ತಿಗೆಯ ಹತ್ತಿರ ಇದ್ದರೆ ನೀರು ತಾನಾಗಿ ಹರಿದು ಹೋಗದು. ಕೆನ್ನೆಯ ಸೈನಸ್ಸಿನ ಬಾಯಿಯೂ ಹಾಗೆ ಮೇಲುಗಡೆಯೇ ಇದೆ. ನಿಂತ ಮನುಷ್ಯನಲ್ಲಿ ಅಲ್ಲಿನ ಸಿಂಬಳ ಮೇಲಕ್ಕೆ ಹತ್ತಿ ಹೊರಬರಬೇಕು. ಹತ್ತಿಸುವವು ಸಿಲಿಯಾ, ಅಂದರೆ ಒಳಪೊರೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಸೆಕೆಂಡಿಗೆ ಹತ್ತು–ಹದಿನೈದು ಸಲ ಬಡಿಯುತ್ತ, ಸಿಂಬಳದ ತೆಳು ಹಾಸನ್ನು ಎಲ್ಲಿಂದ ಹೊರಟರೂ ಆ ಒಂದೇ ಬಾಯಿಯ ಕಡೆಗೆ ಅವು ಒಯ್ಯುತ್ತವೆ. ಆಸ್ಟ್ರಿಯಾದ ವೈದ್ಯ ಮೆಸರ್‌ಕ್ಲಿಂಗರ್ ಈ ದಾರಿಯನ್ನು ಪತ್ತೆ ಮಾಡಿದ ಮೇಲೆಯೇ ಇಂದಿನ ದುರ್ಬೀನು ಶಸ್ತ್ರಚಿಕಿತ್ಸೆ ಬೆಳೆದದ್ದು: ಕೆಳಗೆ ಹೊಸ ತೂತು ಕೊರೆದರೂ ಸಿಂಬಳ ಹಳೆಯ ಬಾಯಿಗೇ ಹೋಗುತ್ತದೆ, ಆದ್ದರಿಂದ ತೆರೆಯಬೇಕಾದದ್ದು ಹಳೆಯ ಬಾಯಿಯನ್ನೇ.

ಥಂಡಿ ಹೆಚ್ಚಿದಷ್ಟೂ ಸಿಲಿಯಾದ ಬಡಿತ ನಿಧಾನವಾಗುತ್ತದೆ. ಒಣಗಾಳಿ ಸಿಂಬಳವನ್ನು ಅಂಟಾಗಿಸುತ್ತದೆ. ಧೂಳು ಮತ್ತು ಹೊಗೆ ಪೊರೆಯನ್ನು ಊದಿಸಿ, ಮೊದಲೇ ಕಿರಿದಾದ ಬಾಯಿಯನ್ನು ಮುಚ್ಚುತ್ತವೆ. ಎತ್ತರದ ಠಾಣೆಗಳ ಬಂಕರಿನಲ್ಲಿ ಸೀಮೆಎಣ್ಣೆಯ ಬುಖಾರಿ ಒಲೆ ಹಚ್ಚಿಕೊಂಡು ಮಲಗಿದವನಿಗೆ ಥಂಡಿ, ಒಣಗಾಳಿ, ಹೊಗೆ ಮೂರೂ ಒಟ್ಟಿಗೆ. ಮೇಲ್ಮನವಿಯಲ್ಲಿ ಬರಬೇಕಾದ ನಂಟು ಇದೇ: ಯಾವ ಠಾಣೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಆ ಅವಧಿಯಲ್ಲಿ ಎಂ.ಐ. ರೂಮಿಗೆ, ಅಂದರೆ ಘಟಕದ ವೈದ್ಯಕೀಯ ತಪಾಸಣಾ ಕೋಣೆಗೆ, ಹೋದ ದಾಖಲೆ ಯಾವುದು.

ಅದಕ್ಕೂ ಮೊದಲು ಕಾಯಿಲೆ ನಿಜವಾಗಿ ಸೈನಸ್ಸಿನದೇ ಎಂಬುದು ಖಾತ್ರಿಯಾಗಬೇಕು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೈನಸ್ ತಲೆನೋವು ಎಂದುಕೊಂಡಿದ್ದ ಸುಮಾರು 3,000 ಜನರಲ್ಲಿ ನೂರಕ್ಕೆ 88 ಮಂದಿಯ ಲಕ್ಷಣಗಳು ಮೈಗ್ರೇನಿಗೆ ಹೊಂದಿದವು. ಮೂಗಿನ ದುರ್ಬೀನು ತಪಾಸಣೆ ಅಥವಾ ಸಿ.ಟಿ. ಸ್ಕ್ಯಾನ್ ವರದಿ ಇಲ್ಲದೆ, ಬರೀ ತಲೆನೋವಿನ ಚೀಟಿ ಹಿಡಿದು ಸಲ್ಲಿಸಿದ ಅರ್ಜಿ ಮೊದಲ ಪ್ರಶ್ನೆಗೇ ಬೀಳುತ್ತದೆ.

ಈಗ ಕಾನೂನು. ಹಾದು ಹೋಗಬೇಕಾದ ಬಾಗಿಲು ಎರಡು. ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಮತ್ತು ವೈದ್ಯಕೀಯ ಮಂಡಳಿ ಅದರ ವೈಕಲ್ಯವನ್ನು ಶೇ. 20 ಅಥವಾ ಹೆಚ್ಚು ಎಂದು ಅಳೆದಿರಬೇಕು. ‘ಉಲ್ಬಣಿಸಿದ’ ಎಂಬ ಮಾತನ್ನು ಜನ ಕಡೆಗಣಿಸುತ್ತಾರೆ. ಚಿಕ್ಕಂದಿನಿಂದ ಅಲರ್ಜಿಯ ಗುಣವಿದ್ದರೂ ಅದನ್ನು ರೋಗವಾಗಿ ಕೆರಳಿಸಿದ್ದು ಸೇವೆಯ ಪರಿಸ್ಥಿತಿ ಎಂದಾದರೆ ಹಕ್ಕು ಉಳಿಯುತ್ತದೆ. ಅವಧಿ ಮುಗಿಯುವ ಮೊದಲೇ ಕಾಯಿಲೆಗಾಗಿ ಬೋರ್ಡ್ ಔಟ್ ಆದವರ ವೈಕಲ್ಯ ಶೇ. 20ಕ್ಕಿಂತ ಮೇಲೆಂದೇ ಹಿಡಿಯಬೇಕು ಎಂದು 2014ರಲ್ಲಿ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶೇ. 20 ಇದ್ದದ್ದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯ ಪೂರ್ಣಾವಧಿ ಮುಗಿಸಿ ನಿವೃತ್ತರಾದವರಿಗೂ ಉಂಟು ಎಂದದ್ದು ಅದೇ ವರ್ಷದ ಡಿಸೆಂಬರಿನ ರಾಮ್ ಅವತಾರ್ ತೀರ್ಪು. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಎಂಬುದು ಲೆಕ್ಕ. ಲೆಕ್ಕಕ್ಕೆ ಹಿಡಿಯುವ ವೇತನ 40,000 ರೂಪಾಯಿ ಇದ್ದವರಿಗೆ 50ರ ದರದಲ್ಲಿ ತಿಂಗಳಿಗೆ 6,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ.

ಮೊದಲ ಬಾಗಿಲಿಗೆ ಕೀಲಿಕೈ ಧರಮ್‌ವೀರ್ ಸಿಂಗ್ ತೀರ್ಪು, 2013ರ ಜುಲೈ 2. 1985ರಲ್ಲಿ ಸಿಗ್ನಲ್ಸ್ ಕೋರ್ ಸೇರಿದ ಸಿಪಾಯಿ, 1994ರಲ್ಲಿ ಮೂರ್ಛೆರೋಗದಿಂದ ಹೊರಬಿದ್ದ; ಮಂಡಳಿ ಆತನಿಗೆ ಶೇ. 20 ವೈಕಲ್ಯ ಕೊಟ್ಟು, ಸೇವೆಗೆ ಸಂಬಂಧವಿಲ್ಲ ಎಂದು ಬರೆಯಿತು. ಭರ್ತಿಯ ಹೊತ್ತಿನ ತಪಾಸಣೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಆತ ಗಟ್ಟಿಮುಟ್ಟಾಗಿಯೇ ಸೇರಿದನೆಂದು ಹಿಡಿಯಬೇಕು, ನಂತರ ಹದಗೆಟ್ಟದ್ದು ಸೇವೆಯಿಂದ ಎಂದು ಹಿಡಿಯಬೇಕು, ಸಾಬೀತು ಮಾಡುವ ಹೊರೆ ಸೈನಿಕನದಲ್ಲ ಎಂದು ಕೋರ್ಟ್ ವಿವರಿಸಿತು. ನನಗೆ ಅದರಲ್ಲಿ ಬಹಳ ಮುಖ್ಯವೆನಿಸುವ ಮಾತು ಬೇರೆ: ಭರ್ತಿಯ ವೇಳೆ ಈ ಕಾಯಿಲೆಯನ್ನು ಕಂಡುಹಿಡಿಯಲು ಆಗುತ್ತಿರಲಿಲ್ಲ ಎಂದು ಮಂಡಳಿ ಹೇಳುವುದಾದರೆ ಕಾರಣ ಬರೆಯಬೇಕು. ‘ಜನ್ಮಜಾತ ಪ್ರಕೃತಿ’ ಎಂದು ಒಂದು ಗೆರೆ ಬರೆದು ಮುಗಿಸುವಂತಿಲ್ಲ. ಹಾಗಾಗಿ ಮೇಲ್ಮನವಿದಾರ ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಕಾಗದಗಳು ಎರಡು: ಭರ್ತಿಯ ವೈದ್ಯಕೀಯ ತಪಾಸಣಾ ನಮೂನೆ, ಮತ್ತು ಬಿಡುಗಡೆಯ ವೇಳೆಯ ಮಂಡಳಿಯ ನಡಾವಳಿ. ಕೈಯಲ್ಲಿಲ್ಲದಿದ್ದರೆ ರೆಕಾರ್ಡ್ಸ್ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪಡೆಯಬಹುದು.

ಇಷ್ಟಕ್ಕೇ ಗೆದ್ದೆವೆಂದು ತಿಳಿಯಬಾರದು. 2019ರ ನರಸಿಂಗ್ ಯಾದವ್, 2022ರ ಆರ್. ಮುನುಸ್ವಾಮಿ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ತೂಕ ಕೊಟ್ಟು ಸೈನಿಕರ ಕೋರಿಕೆಯನ್ನು ತಳ್ಳಿಹಾಕಿದೆ. ಪೆನ್ಶನ್ ಅರ್ಹತೆಯ ನಿಯಮಗಳೂ ಬದಲಾಗಿವೆ: 1982ರದು, 2008ರದು, 2023ರ ಸೆಪ್ಟೆಂಬರ್ 21ರಿಂದ ಜಾರಿಯಾದದ್ದು. ಸೇವೆ ಬಿಟ್ಟ ತಾರೀಖಿನ ಮೇಲೆ ಯಾವುದು ಅನ್ವಯವೆಂದು ಮೊದಲು ತೀರ್ಮಾನವಾಗಬೇಕು. ಬೀಡಿ–ಸಿಗರೇಟಿನ ಚಟ ದಾಖಲೆಯಲ್ಲಿದ್ದರೆ ಅದೂ ತೊಡಕಾದೀತು. ಬರೀ ‘ಭರ್ತಿಯಾದಾಗ ಚೆನ್ನಾಗಿದ್ದೆ’ ಎನ್ನದೆ ಥಂಡಿ–ಹೊಗೆ–ಸಿಲಿಯಾದ ಸರಣಿಯನ್ನು ಕಿವಿ–ಮೂಗು–ಗಂಟಲು ತಜ್ಞರ ಬರಹದೊಡನೆ ಜೋಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಮೆರಿಕ ಬೇರೆ ದಾರಿ ಹಿಡಿಯಿತು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರ ದೀರ್ಘಕಾಲದ ಸೈನಸೈಟಿಸ್ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಎಂಬುದನ್ನು 2022ರ ಆಗಸ್ಟಿನ ಕಾಯ್ದೆ ಗಟ್ಟಿ ಮಾಡಿತು. ಅಲ್ಲಿ ಪ್ರಮಾಣ ಅಳೆಯುವುದು ವರ್ಷಕ್ಕೆ ಎಷ್ಟು ಸಲ ಮಲಗುವಷ್ಟು ಜೋರಾಯಿತು, ಎಷ್ಟು ವಾರ ಆ್ಯಂಟಿಬಯೋಟಿಕ್ ಬೇಕಾಯಿತು ಎಂಬ ಲೆಕ್ಕದಿಂದ. ಆ ಲೆಕ್ಕ ನಮ್ಮಲ್ಲಿ ನಿಯಮವಲ್ಲ. ಆದರೂ ಪ್ರತಿ ಸಲದ ತಾರೀಖು, ಔಷಧದ ಚೀಟಿ ಕೂಡಿಟ್ಟವರ ಕಡತಕ್ಕೆ ಬಲ ಬರುತ್ತದೆ.

ಪೆನ್ಶನ್ ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದು ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಬಳಿಕ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಬೀಳಗಿಯಿಂದ ಕೊಚ್ಚಿ ದೂರವೇ. ನ್ಯಾಯಮಂಡಳಿಯ ತೀರ್ಪಿನ ಮೇಲೆ ರಿಟ್ ಅರ್ಜಿಗೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲವೆಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನಮಗೆ ಧಾರವಾಡ ಪೀಠವೂ ಉಂಟು. ತಡವಾಯಿತೆಂದು ಕೈಬಿಟ್ಟವರಿಗೆ 2008ರ ತರ್ಸೇಮ್ ಸಿಂಗ್ ತೀರ್ಪು ನೆನಪಿರಲಿ: ಪೆನ್ಶನ್ ಪ್ರತಿ ತಿಂಗಳೂ ಮುಂದುವರಿಯುವ ಹಕ್ಕು, ತಡವಾಗಿ ಬಂದರೂ ಕೇಳಬಹುದು, ಬಾಕಿ ಮಾತ್ರ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಸೀಮಿತ.

ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವ ಹೊಲಗಳ ನಡುವೆ ಬದುಕುವವರು ನಾವು. ನಿವೃತ್ತನ ಮೂಗು ಕೆಟ್ಟದ್ದು ಹಿಮದ ಠಾಣೆಯಿಂದಲೋ ಊರ ಹೊಗೆಯಿಂದಲೋ ಎಂಬ ಪ್ರಶ್ನೆ ಎದ್ದರೆ ಬರಿಯ ಊಹೆಯಿಂದ ಉತ್ತರಿಸಲಾಗದು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕಿವಿ–ಮೂಗು–ಗಂಟಲು ವಿಭಾಗದಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ನನ್ನ ಕಳಕಳಿಯ ಕೋರಿಕೆ: ಈ ನಾಲ್ಕು ತಾಲ್ಲೂಕುಗಳ ಮಾಜಿ ಸೈನಿಕರನ್ನೂ, ಸೈನ್ಯಕ್ಕೆ ಹೋಗದೆ ಅದೇ ಊರಲ್ಲಿ ಒಕ್ಕಲುತನ ಮಾಡಿಕೊಂಡಿರುವ ಅವರ ಅಣ್ಣತಮ್ಮಂದಿರನ್ನೂ ಒಟ್ಟಿಗೆ ಕೂರಿಸಿ ದುರ್ಬೀನು ಹಾಕಿ ನೋಡಿರಿ. ಒಂದೇ ಮನೆ, ಒಂದೇ ಹೊಲ, ಒಂದೇ ಹೊಗೆ. ಇಬ್ಬರ ನಡುವೆ ಬೇರೆ ಇರುವುದು ಸೇವೆಯ ವರ್ಷಗಳು ಮಾತ್ರ.