ಅಸ್ಟ್ರೋಸ್ಯಾಟ್‌ಗೆ ಕಾಟ ಕೊಡುವ ಗಾಳಿ ಎಲ್ಲಿದೆ?

ತಪ್ಪು ಕಲ್ಪನೆ: ಉಪಗ್ರಹ ಗಾಳಿಯನ್ನು ದಾಟಿ ಹೋಗಿದೆ. ಅದರ ಡಿಟೆಕ್ಟರುಗಳಿಗೆ ಇನ್ನು ವಾತಾವರಣದ ಗೊಡವೆಯಿಲ್ಲ.

ಸತ್ಯ: ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಖಗೋಳ ವೀಕ್ಷಣಾ ಉಪಗ್ರಹ ಅಸ್ಟ್ರೋಸ್ಯಾಟ್ 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು, ಒಪ್ಪಿದೆ. ಆದರೆ ಕಣಗಳನ್ನು ಎಣಿಸುವ ಉಪಕರಣಕ್ಕೆ ಕಾಟ ಬರುವುದು ಸುತ್ತಲಿನ ಗಾಳಿಯಿಂದಲ್ಲ, ಕೆಳಗಿನ ಗಾಳಿಯಿಂದ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಸಾರಜನಕ, ಆಮ್ಲಜನಕದ ನ್ಯೂಕ್ಲಿಯಸ್‌ಗಳು ಒಡೆದು ಪ್ರೋಟಾನ್, ನ್ಯೂಟ್ರಾನ್, ಗಾಮಾ ಕಿರಣಗಳು ಚಿಮ್ಮುತ್ತವೆ. ಅವುಗಳಲ್ಲಿ ಒಂದು ಪಾಲು ಮೇಲಕ್ಕೇ ಏರುತ್ತದೆ. ಅಷ್ಟು ಎತ್ತರದಿಂದ ನೋಡಿದರೂ ಭೂಮಿ ಆಕಾಶದ ಸುಮಾರು ಶೇ 30ರಷ್ಟನ್ನು ಮುಚ್ಚಿರುತ್ತದೆ. ಹಾಗಾಗಿ ಈ ಕಣಗಳಿಂದ ಪೂರ್ತಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ನ್ಯೂಟ್ರಾನಿನ ಕಥೆ ಇನ್ನೂ ಸೊಗಸು. ಒಂಟಿ ನ್ಯೂಟ್ರಾನಿನ ಸರಾಸರಿ ಆಯುಷ್ಯ ಸುಮಾರು 15 ನಿಮಿಷ. ಮೇಲೇರುತ್ತಿರುವಾಗಲೇ ಕೆಲವು ಒಡೆದು ಪ್ರೋಟಾನ್, ಎಲೆಕ್ಟ್ರಾನ್‌ಗಳಾಗುತ್ತವೆ. ವಿದ್ಯುದಾವೇಶವಿರುವ ಆ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಹಿಡಿದಿಡುತ್ತದೆ. ಭೂಮಿಯನ್ನು ಸುತ್ತುವರಿದ ವಾನ್ ಅಲೆನ್ ಕಣಪಟ್ಟಿಗಳಲ್ಲಿ ಒಳಗಿನದರ ಅತಿಶಕ್ತಿಯ ಪ್ರೋಟಾನ್‌ಗಳ ಮುಖ್ಯ ಮೂಲ ಇದೇ, ಅಂದರೆ ನಮ್ಮ ಗಾಳಿಯೇ. ಶಾಲಾ ಪುಸ್ತಕಗಳು ಈ ನಂಟನ್ನು ಹೇಳಲೇಬೇಕು ಎಂಬುದು ನನ್ನ ಆಸೆ.

ತಪ್ಪು ಕಲ್ಪನೆ: ಬ್ರೆಜಿಲ್ ಮೇಲೆ ಆಕಾಶದಲ್ಲೊಂದು ತೂತಿದೆ, ಅಲ್ಲಿ ಉಪಗ್ರಹಗಳು ಕೆಡುತ್ತವೆ.

ಸತ್ಯ: ತೂತೇನಿಲ್ಲ. ಭೂಮಿಯ ಕಾಂತಕ್ಷೇತ್ರದ ಕೇಂದ್ರ ಭೂಕೇಂದ್ರದಿಂದ 500 ಕಿಲೋಮೀಟರಿಗೂ ಹೆಚ್ಚು ಸರಿದಿದೆ. ಅದರಿಂದ ದಕ್ಷಿಣ ಅಟ್ಲಾಂಟಿಕ್ ಬಳಿ ಕ್ಷೇತ್ರ ದುರ್ಬಲವಾಗಿ, ಆ ಪ್ರೋಟಾನ್ ಪಟ್ಟಿ ಕೆಳಕ್ಕೆ ಇಳಿಯುತ್ತದೆ. ಅಸ್ಟ್ರೋಸ್ಯಾಟ್‌ನ ಕಕ್ಷೆ ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆಯಾಗಿರುವುದರಿಂದ ಅದು ಈ ವಲಯದ ಅಂಚನ್ನಷ್ಟೇ ಸವರುತ್ತದೆ. ಅಂಚೂ ಸಣ್ಣದಲ್ಲ. ಕಣಗಳ ಸಂಖ್ಯೆ ಏರಿದ್ದನ್ನು ತಿಳಿಸಲೆಂದೇ ಅದರಲ್ಲಿ ಚಾರ್ಜ್ಡ್ ಪಾರ್ಟಿಕಲ್ ಮಾನಿಟರ್ ಎಂಬ ಪುಟ್ಟ ಉಪಕರಣವಿದೆ. ಆ ಹೊತ್ತಿಗೆ ಉಳಿದ ಡಿಟೆಕ್ಟರುಗಳ ಹೈ ವೋಲ್ಟೇಜ್ ಇಳಿಸುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಉಪಕರಣವನ್ನು ಹೊತ್ತು 2024ರ ಜನವರಿ 1ರಂದು ಹೊರಟ ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹಕ್ಕೂ ಇಂಥದೇ ಕಕ್ಷೆ ಆರಿಸಿದರು.

ತಪ್ಪು ಕಲ್ಪನೆ: ದಪ್ಪ ಲೋಹದ ಕವಚ ಹೊದಿಸಿದರೆ ಸಾಕು.

ಸತ್ಯ: ಶಕ್ತಿಶಾಲಿ ಪ್ರೋಟಾನ್ ಕವಚಕ್ಕೇ ಬಡಿದು ಅಲ್ಲೂ ಹೊಸ ಕಣಗಳನ್ನು ಹುಟ್ಟಿಸುತ್ತದೆ. ಅದಕ್ಕೇ ಅಸ್ಟ್ರೋಸ್ಯಾಟ್‌ನ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಇಮೇಜರ್‌ನಲ್ಲಿ ಮುಖ್ಯ ಡಿಟೆಕ್ಟರಿನ ಕೆಳಗೆ ಸೀಸಿಯಂ ಅಯೋಡೈಡ್‌ನ ಕಾವಲು ಡಿಟೆಕ್ಟರ್ ಇದೆ. ಎರಡರಲ್ಲೂ ಒಟ್ಟಿಗೆ ಬಂದ ಸಂಕೇತವನ್ನು ಲೆಕ್ಕದಿಂದ ಬಿಡಬಹುದು. ಅಸ್ಟ್ರೋಸ್ಯಾಟ್‌ನ ಇನ್ನೊಂದು ಎಕ್ಸ್-ಕಿರಣ ಡಿಟೆಕ್ಟರ್ ಲಾಕ್ಸ್‌ಪಿಸಿಯಂಥ ಉಪಕರಣದಲ್ಲಿ, ಪ್ರಖರ ಆಕರಗಳಿಲ್ಲದ ಖಾಲಿ ಆಕಾಶದತ್ತ ತಿರುಗಿಸಿ ಅಳೆದ ಎಣಿಕೆಯ ಆಧಾರದಲ್ಲಿ ಉಳಿದ ಗದ್ದಲವನ್ನು ಅಂದಾಜಿಸಿ ಕಳೆಯುತ್ತಾರೆ.