ಹೋಟೆಲ್ ಕೈ ಬದಲಾಗುವಾಗ

1948ರಲ್ಲಿ ಮದ್ದೂರು ರೈಲು ನಿಲ್ದಾಣದ ಸಸ್ಯಾಹಾರಿ ಉಪಾಹಾರ ಗೃಹದ ಗಲ್ಲಾದಲ್ಲಿ ಕೂರುವವರು ಬದಲಾದರು. ಅಲ್ಲಿಯವರೆಗೆ ಅದನ್ನು ನಡೆಸಿದ್ದ ರಾಮಚಂದ್ರ ಬುಧ್ಯ ವಿಶ್ರಾಂತಿ ಪಡೆದರು, ಎಚ್.ಡಿ. ಹೆಬ್ಬಾರ ವಹಿಸಿಕೊಂಡರು. ಜಾಗ ರೈಲ್ವೆಯದು. ಗಿರಾಕಿಗಳು ಯಾವುದೋ ಊರಿಂದ ಇನ್ಯಾವುದೋ ಊರಿಗೆ ಹೊರಟವರು. ಹಾಗಾದರೆ ಹೆಬ್ಬಾರರ ಕೈಗೆ ಬಂದದ್ದೇನು? ಒಂದು ವಡೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕಲಸಿ, ಚಪ್ಪಟೆಯಾಗಿ ತಟ್ಟಿ, ಎಣ್ಣೆಯಲ್ಲಿ ಕರಿದ ವಡೆ.

ಅದು ಹುಟ್ಟಿದ್ದು 1917ರಲ್ಲಿ ಎಂಬುದು ಊರಿನವರೆಲ್ಲ ಹೇಳುವ ಕಥೆ. ಬುಧ್ಯರು ನಿಲ್ದಾಣದಲ್ಲಿ ಇಡ್ಲಿ, ವಡೆ ಮಾರುತ್ತಿದ್ದರು. ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತು. ದಪ್ಪನೆಯ ಹಿಟ್ಟು ಬೇಯುವವರೆಗೆ ಕಾಯಲು ಸಮಯವಿಲ್ಲ, ತೆಳ್ಳಗೆ ತಟ್ಟಿ ಕರಿದರು. ಪ್ರಯಾಣಿಕರು ಮತ್ತೆ ಅದನ್ನೇ ಕೇಳಿದರು. ಕೇಳುತ್ತಲೇ ಇದ್ದರು. ಉಪಾಹಾರ ಗೃಹ 1973ರಲ್ಲಿ ಗೋಪಾಲಯ್ಯನವರ ಒಡೆತನಕ್ಕೆ ಬಂತು. ಅದೇ ಪರಂಪರೆಯವರು 1987ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ಟಿಫಾನೀಸ್ ತೆರೆದರು. ಮಾಲೀಕರು ಬದಲಾದರೂ ವಡೆ ಬದಲಾಗಲಿಲ್ಲ. ನಡೆಯುವ ಹೋಟೆಲೊಂದನ್ನು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಈ ಸೀಮೆಯಲ್ಲಿ ಸಿಗಲಾರದು.

ಹೊಸದಾಗಿ ಹೋಟೆಲ್ ತೆರೆಯುವ ಬದಲು ಇರುವುದನ್ನೇ ಕೊಳ್ಳುವ ರೂಢಿ ಹಳೆಯದು. ಉಡುಪಿ, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದ ಎಷ್ಟೋ ಮನೆತನಗಳು ಹೀಗೆಯೇ ನೆಲೆಯೂರಿದವು. ಒಬ್ಬರು ಊರಿಗೆ ಮರಳುವಾಗ ಹೋಟೆಲನ್ನು ನೆಂಟರಿಗೋ ಊರಿನವರಿಗೋ ಕೊಡುತ್ತಿದ್ದರು. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಇಂಥ ವ್ಯವಹಾರ ಈಗಲೂ ಬಹುಪಾಲು ಬಾಯಿಮಾತಿನಲ್ಲೇ ಶುರುವಾಗುತ್ತದೆ. ಮೊದಲು ಸುದ್ದಿ ಬರುವುದು ಹಾಲು ಹಾಕುವವರಿಂದ, ಇಲ್ಲವೇ ದಿನಸಿ ಅಂಗಡಿಯವರಿಂದ. ಕೈ ಬದಲಾಗುವುದರಲ್ಲಿ ಮೂರು ಬೇರೆ ಬೇರೆ ಮೊತ್ತಗಳಿರುತ್ತವೆ: ಕಟ್ಟಡದ ಮಾಲೀಕರಿಗೆ ಕೊಡುವ ಅಡ್ವಾನ್ಸ್, ಒಲೆ, ಪಾತ್ರೆ, ಗ್ರೈಂಡರ್, ಫ್ರಿಜ್, ಮೇಜು-ಕುರ್ಚಿಗಳ ಬೆಲೆ, ಇವೆರಡಕ್ಕೂ ಮಿಗಿಲಾಗಿ ಹೋಟೆಲಿನ ಹೆಸರಿಗೆ, ಗಿರಾಕಿಗಳಿಗೆ ಕಟ್ಟುವ ಬೆಲೆಯಾದ ಗುಡ್‌ವಿಲ್. ಪಾತ್ರೆಯನ್ನು ತೂಗಬಹುದು, ಗ್ರೈಂಡರನ್ನು ಓಡಿಸಿ ನೋಡಬಹುದು. ಕೊಳ್ಳುವವರು ಸೋಲುವುದು ಗುಡ್‌ವಿಲ್ಲಿನ ಲೆಕ್ಕದಲ್ಲಿ.

ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ನೋಡಿದರೆ ಈ ಮಾತು ತಿಳಿಯಾಗುತ್ತದೆ. 1943ರ ಸುಮಾರಿಗೆ ಸಾಲಿಗ್ರಾಮದ ಕಡೆಯ ಉರಾಳ ಸಹೋದರರು ಸುತ್ತಲಿನ ವಿದ್ಯಾರ್ಥಿಗಳಿಗಾಗಿ ತೆರೆದ ಪುಟ್ಟ ಹೋಟೆಲದು. 1970ರಲ್ಲಿ ಕುಂದಾಪುರ ಸೀಮೆಯಿಂದ ಬಂದ ರಾಮಕೃಷ್ಣ ಅಡಿಗರು ಅದನ್ನು ಕೊಂಡರು. ಗಾಂಧಿಬಜಾರ್ ಇರುವ ಬಸವನಗುಡಿ ಅನುಕೂಲವಂತರ ಬಡಾವಣೆ. ಹೊಸ ಹೆಸರು, ಹೊಸ ಥಳುಕಿನ ಆಸೆ ಯಾರಿಗಾದರೂ ಹುಟ್ಟಬಹುದಾದ ಜಾಗ. ಅಡಿಗರು ಹೆಸರನ್ನು ಹಾಗೆಯೇ ಇಟ್ಟರು, ಬೆಣ್ಣೆ ಸವರಿದ ಗರಿಗರಿ ದೋಸೆಯನ್ನು ಕಾಪಾಡಿದರು. ಇವತ್ತು ಆ ಹೋಟೆಲಿನ ಮುಂದೆ ಕಾಯುವವರಲ್ಲಿ ಅದು ಒಮ್ಮೆ ಕೈ ಬದಲಾಗಿತ್ತೆಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕೊಂಡವರ ಗೆಲುವೆಂದರೆ ಅದೇ.

ಹೆಸರು ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ ಹೋಗುವುದೂ ಉಂಟು. 1924ರಲ್ಲಿ ಶುರುವಾದ ಮಯ್ಯ ಮನೆತನದ ಎಂಟಿಆರ್‌ನ ಸಿದ್ಧ ಆಹಾರದ ಉದ್ಯಮವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲ್ ಮನೆತನದ ಬಳಿಯೇ ಉಳಿಯಿತು. ಕೋಟಿಗಳ ವ್ಯವಹಾರದಲ್ಲಿ ಬರೆದುಕೊಳ್ಳುವ ಇಂಥ ಷರತ್ತನ್ನು ಮಂಡ್ಯದ ಹತ್ತು ಮೇಜಿನ ಹೋಟೆಲ್ ಕೊಳ್ಳುವವರೂ ಬರೆದುಕೊಳ್ಳಬೇಕು. ಬೋರ್ಡಿನ ಹೆಸರು ಯಾರದು? ಮಾರಿದವರು ನಾಳೆ ಎದುರು ಸಾಲಿನಲ್ಲೇ ಅದೇ ಹೆಸರಿನ ಇನ್ನೊಂದು ಹೋಟೆಲ್ ತೆರೆಯಬಹುದೇ? ಕರಾರಿನಲ್ಲಿ ಇದಕ್ಕೆ ಉತ್ತರವಿಲ್ಲದಿದ್ದರೆ ಗುಡ್‌ವಿಲ್ ಎಂದು ಕೊಟ್ಟ ಹಣಕ್ಕೆ ಆಧಾರವೇ ಇಲ್ಲ. ಮದ್ದೂರು ವಡೆ ಎಂಬ ಹೆಸರಂತೂ ಒಬ್ಬರ ಹಿಡಿತದಲ್ಲಿ ಉಳಿದಿಲ್ಲ. ಹೆದ್ದಾರಿಯುದ್ದಕ್ಕೂ ಆ ಹೆಸರಿನ ಬೋರ್ಡುಗಳಿವೆ, ರೈಲಿನ ಬೋಗಿಗಳಲ್ಲಿ ಬುಟ್ಟಿ ಹಿಡಿದು ಕೂಗುವವರಿದ್ದಾರೆ.

ಹೆಸರಿಗಿಂತ ದೊಡ್ಡ ಪ್ರಶ್ನೆ ರಸ್ತೆಯದು. ದಶಕಗಳ ಕಾಲ ಮಂಡ್ಯ ಜಿಲ್ಲೆಯಲ್ಲಿ ಹೋಟೆಲಿನ ಬೆಲೆ ಕಟ್ಟುತ್ತಿದ್ದುದು ಹೆದ್ದಾರಿಯಿಂದ ಎಷ್ಟು ದೂರ ಎಂಬ ಅಳತೆಯಿಂದ. ಬೆಂಗಳೂರಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುತ್ತಿತ್ತು. ಬೆಳಿಗ್ಗೆ ಹೊರಟವರಿಗೆ ಮದ್ದೂರಿನ ಹೊತ್ತಿಗೆ ಹಸಿವಾಗುತ್ತಿತ್ತು. ಆ ಹಸಿವೇ ಬಂಡವಾಳ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಸುಮಾರು 118 ಕಿಲೋಮೀಟರ್ ಉದ್ದದ ಎಕ್ಸ್‌ಪ್ರೆಸ್‌ವೇಯನ್ನು ಉದ್ಘಾಟಿಸಿದರು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವುಗಳ ಪೇಟೆಗೆ ಇಳಿಯದೆಯೇ ವಾಹನಗಳು ಸಾಗತೊಡಗಿದವು. ಪ್ರಯಾಣದ ಅವಧಿ ಅರ್ಧಕ್ಕಿಳಿಯಿತು. ಗಿರಾಕಿ ಬೇರೆ ದಾರಿ ಹಿಡಿದರು ಎಂದಷ್ಟೇ ಹೇಳಿದರೆ ನಷ್ಟದ ಅರ್ಧ ಭಾಗ ಹೇಳಿದಂತೆ. ಒಂದೂವರೆ ಗಂಟೆಯ ಪ್ರಯಾಣದಲ್ಲಿ ದಾರಿಯ ಹಸಿವೇ ಹುಟ್ಟುವುದಿಲ್ಲ. ಹಳೆಯ ಹೆದ್ದಾರಿಯ ಹೋಟೆಲುಗಳು, ವಡೆ ಅಂಗಡಿಗಳು, ಚನ್ನಪಟ್ಟಣದ ಬೊಂಬೆ ಮಳಿಗೆಗಳು ವ್ಯಾಪಾರ ಕಳೆದುಕೊಂಡವು.

ಅಂಥ ಹೋಟೆಲೊಂದು ಕಡಿಮೆ ಬೆಲೆಗೆ ಸಿಗುತ್ತದೆಂದು ಕೇಳಿದ ಕೂಡಲೇ ಮುಂಗಡ ಕೊಡುವುದು ಆತುರದ ಕೆಲಸ. ಹಾಗೆಂದು ಅವನ್ನೆಲ್ಲ ತಳ್ಳಿಹಾಕುವುದೂ ಸರಿಯಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವು ಸರ್ವೀಸ್ ರಸ್ತೆಯಲ್ಲೇ ಓಡಾಡಬೇಕು. ಊರುಗಳ ನಡುವಿನ ಬಸ್ಸುಗಳು ಪೇಟೆಯೊಳಗೆ ಬರಲೇಬೇಕು. ಬದಲಾದದ್ದು ಗಿರಾಕಿಯ ಬಗೆ. ಕಾರಿನವರು ಹೋದರು, ಊರವರು ಉಳಿದರು. ಉಳಿದವರನ್ನು ನಂಬಿ ಬೆಲೆ ಕಟ್ಟಿದರೆ ಮಾತ್ರ ಕೊಳ್ಳುವುದರಲ್ಲಿ ಅರ್ಥವಿದೆ.

ಊರವರೆಂದರೆ ಯಾರು? ಮಂಡ್ಯದಲ್ಲಿ ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ವೈದ್ಯಕೀಯ ಕಾಲೇಜು, 1962ರಿಂದ ನಡೆಯುತ್ತಿರುವ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಇವೆ. ದಿನವೂ ಬೆಳಿಗ್ಗೆ ಊರಿಗೆ ಬಂದು ಸಂಜೆ ಮರಳುವ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇದರ ಜೊತೆಗೆ ಕಬ್ಬಿನ ಹಣ. 1930ರ ದಶಕದಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯಲು ತೊಡಗಿತು. ಕಬ್ಬಿನ ಬಾಕಿ ಕೈಗೆ ಬಂದ ತಿಂಗಳು ಪೇಟೆಯ ಹೋಟೆಲುಗಳಿಗೂ ಗೊತ್ತಾಗುತ್ತದೆ. ಮಳೆ ಕೈಕೊಟ್ಟ ವರ್ಷವೂ ಗೊತ್ತಾಗುತ್ತದೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ತಗ್ಗಿ ಕಾವೇರಿ ವಿವಾದ ಎದ್ದರೆ ಮಂಡ್ಯದ ಸಂಜಯ ವೃತ್ತದಿಂದ ಮಳವಳ್ಳಿಯವರೆಗೆ ಬಾಗಿಲು ಮುಚ್ಚುವ ದಿನಗಳು ಬರುತ್ತವೆ. 2002, 2012, 2016, 2023 ಅಂಥ ವರ್ಷಗಳು. ಒಳ್ಳೆಯ ಮಳೆಯಾದ ಒಂದೇ ವರ್ಷದ ಲೆಕ್ಕ ತೋರಿಸಿ ಹೋಟೆಲ್ ಮಾರುವವರನ್ನು ಬರಗಾಲದ ವರ್ಷದ ಲೆಕ್ಕವನ್ನೂ ಕೇಳಬೇಕು.

ಲೆಕ್ಕದ ಪುಸ್ತಕವೊಂದನ್ನೇ ನಂಬಬೇಕಾಗಿಲ್ಲ. ದಿನಕ್ಕೆ ಎಷ್ಟು ಲೀಟರ್ ಹಾಲು ಬರುತ್ತದೆ, ತಿಂಗಳಿಗೆ 19 ಕಿಲೋದ ಎಷ್ಟು ಸಿಲಿಂಡರ್ ಮುಗಿಯುತ್ತದೆ, ಅಕ್ಕಿ, ಉದ್ದಿನಬೇಳೆಯ ಎಷ್ಟು ಮೂಟೆ ಇಳಿಯುತ್ತದೆ, ಇವು ಸರಬರಾಜುದಾರರ ಬಿಲ್ಲಿನಲ್ಲಿರುತ್ತವೆ. ಹಾಲಿನ ಲೆಕ್ಕ ಸಿಕ್ಕರೆ ಕಾಫಿ-ಟೀಯ ಲೆಕ್ಕ ತಾನಾಗಿ ಸಿಗುತ್ತದೆ. ಈಗಂತೂ ಗಲ್ಲಾದ ಮೇಲೆ ಕ್ಯುಆರ್ ಫಲಕ ಇರುವುದರಿಂದ ಬ್ಯಾಂಕ್ ಸ್ಟೇಟ್‌ಮೆಂಟೇ ದೊಡ್ಡ ಸಾಕ್ಷಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಬೇಕರಿ, ಟೀ ಅಂಗಡಿಗಳವರು ಕಂಗಾಲಾದರು. ಹಳೆಯ ತೆರಿಗೆ ಹೊಸಬರನ್ನೂ ಹಿಂಬಾಲಿಸಬಲ್ಲದು ಎಂಬುದು ಕೊಳ್ಳುವವರಿಗೆ ಇನ್ನೂ ಹತ್ತಿರದ ಸಂಗತಿ. ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ವ್ಯವಹಾರ ಕೈ ಬದಲಾದ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರೂ ಕೊಂಡವರೂ ಜಂಟಿಯಾಗಿ ಹೊಣೆ. ಮಾರಾಟ ಮಾತ್ರವಲ್ಲ, ಲೀಸ್‌ಗೆ ಪಡೆದರೂ ಹೀಗೆಯೇ.

ಬಾಡಿಗೆ ಪತ್ರವನ್ನು ಇನ್ನಷ್ಟು ಹೊತ್ತು ಕೂತು ಓದಬೇಕು. ನಮ್ಮಲ್ಲಿ 11 ತಿಂಗಳ ಕರಾರು ಬರೆಸುವುದು ವಾಡಿಕೆ. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯವೆಂಬುದೇ ಅದಕ್ಕೆ ಕಾರಣ. ಲಕ್ಷಗಟ್ಟಲೆ ಗುಡ್‌ವಿಲ್ ಕೊಟ್ಟು ಹೋಟೆಲ್ ಕೊಂಡವರಿಗೆ 11 ತಿಂಗಳ ಕಾಗದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹನ್ನೆರಡನೆಯ ತಿಂಗಳು ಕಟ್ಟಡದ ಮಾಲೀಕರು ಬಾಡಿಗೆ ಎರಡರಷ್ಟು ಮಾಡಿದರೆ ಕೊಂಡ ರುಚಿ, ಹೆಸರು, ಗಿರಾಕಿ ಎಲ್ಲವೂ ಆ ಗೋಡೆಗಳೊಳಗೆ ಸಿಕ್ಕಿಕೊಂಡಿರುತ್ತವೆ. ಆದ್ದರಿಂದ ಹೋಟೆಲ್ ಮಾರುವವರ ಜೊತೆ ಮಾತು ಮುಗಿಸುವ ಮೊದಲು ಕಟ್ಟಡದವರ ಜೊತೆ ಕೂರಬೇಕು, ನೋಂದಾಯಿತ ದೀರ್ಘ ಲೀಸ್ ಕೇಳಬೇಕು. ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತಾ ಲೈಸೆನ್ಸ್ ಹಳಬರ ಹೆಸರಿನಲ್ಲಿದ್ದರೆ ಹೊಸಬರಿಗೆ ತಾವಾಗಿ ಬರುವುದಿಲ್ಲ. ಸೆಸ್ಕ್‌ನ ಕರೆಂಟ್ ಬಾಕಿ, ನೀರಿನ ಬಾಕಿ, ಕೆಲಸಗಾರರ ಪಿಎಫ್ ಬಾಕಿ ನೋಡುವುದು ಒಂದು ದಿನದ ಕೆಲಸ. ನೋಡದೆ ಹೋದರೆ ವರ್ಷದ ತಲೆನೋವು.

ಕಾಗದ ಎಲ್ಲ ಸರಿಯಿದ್ದೂ ಹೋಟೆಲ್ ಕೈಗೆ ಬಾರದೆ ಹೋಗಬಹುದು. ರುಚಿ ಯಾರ ಕೈಯಲ್ಲಿದೆ ಎಂಬುದನ್ನು ಯಾವ ಕರಾರೂ ಬರೆದುಕೊಡುವುದಿಲ್ಲ. ಹಿಟ್ಟು ಎಷ್ಟು ಹೊತ್ತು ಹುಳಿ ಬರಬೇಕು, ಸಾಂಬಾರಿಗೆ ಯಾವ ಅಂಗಡಿಯ ಮೆಣಸಿನಕಾಯಿ, ಕಾವಲಿ ಎಷ್ಟು ಕಾಯಬೇಕು ಎಂಬುದೆಲ್ಲ ಅಡುಗೆ ಭಟ್ಟರಿಗೆ ಗೊತ್ತು. ವಕೀಲರಿಗೆ ಸಕ್ಕರೆಯಿಲ್ಲದ ಕಾಫಿ, ಮೇಷ್ಟ್ರಿಗೆ ಗಟ್ಟಿ ಚಟ್ನಿ ಎಂಬುದು ಹಳೆಯ ಸಪ್ಲೈಯರಿಗೆ ಗೊತ್ತು. ಇವರಿಬ್ಬರೂ ಹಳೆಯ ಮಾಲೀಕರ ಹಿಂದೆ ಹೊರಟರೆ ಉಳಿಯುವುದು ಪಾತ್ರೆ ಮಾತ್ರ. ಮುಂಗಡ ಕೊಡುವ ಮೊದಲೇ ಅವರ ಜೊತೆ ಮಾತಾಡಿ ಸಂಬಳ ನಿಗದಿ ಮಾಡಿಕೊಳ್ಳುವುದು ವಿವೇಕ. ಅದು ಅವರಿಗೆ ಸಲ್ಲಬೇಕಾದ ಗೌರವವೂ ಹೌದು. ಹೋಟೆಲ್ ಮಾರುವ ಮಾತುಕತೆಗಳಲ್ಲಿ ಒಲೆಯ ಮುಂದೆ ಆಯುಷ್ಯ ಕಳೆದವರನ್ನು ಕೊನೆಗೆ ನೆನೆಯುವ ಅಭ್ಯಾಸ ಅನ್ಯಾಯದ್ದು.

ಮಳವಳ್ಳಿಯ ಲೆಕ್ಕವೇ ಬೇರೆ. ಎಕ್ಸ್‌ಪ್ರೆಸ್‌ವೇ ಅದನ್ನು ಮುಟ್ಟಿಲ್ಲ. ಕನಕಪುರದ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆ ಊರನ್ನು ಹಾದೇ ಹೋಗುತ್ತದೆ. ಶಿವನಸಮುದ್ರದ ಗಗನಚುಕ್ಕಿಗೆ ಮಳೆಗಾಲದಲ್ಲಿ ಜನ, ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆ ಬಂತೆಂದರೆ ಜನ. ಇದೇ ತಾಲ್ಲೂಕಿನ ಬಂಡೂರು ಗ್ರಾಮ ಗಿಡ್ಡ ಕಾಲಿನ, ಮೆದು ಮಾಂಸದ ಬಂಡೂರು ಕುರಿ ತಳಿಗೆ ಹೆಸರು ಕೊಟ್ಟಿದೆ. ಹಾಗಾಗಿ ಇಲ್ಲಿ ಮುದ್ದೆ, ಮಟನ್ ಸಾರು, ತಲೆಮಾಂಸದ ಮಿಲ್ಟ್ರಿ ಹೋಟೆಲಿಗೂ ಬೆಲೆಯಿದೆ. ಅಂಥ ಹೋಟೆಲ್ ಕೊಳ್ಳುವವರು ಭಾನುವಾರದ ನೂಕುನುಗ್ಗಲು ನೋಡಿ ಮರುಳಾಗದೆ ಶ್ರಾವಣದ ಸೋಮವಾರ ಒಮ್ಮೆ ಹೋಗಿ ಕೂರಬೇಕು. ಕುರಿ ಯಾರಿಂದ ಬರುತ್ತದೆ, ಮಾಂಸ ಯಾರು ಕೊಯ್ದು ಕೊಡುತ್ತಾರೆ, ಮುದ್ದೆ ಕಟ್ಟುವ ಹೆಂಗಸರು ಯಾವ ಊರಿನವರು, ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿ ತಿಳಿಯಬೇಕು. ಆಗುವುದಾದರೆ ಹಳೆಯ ಮಾಲೀಕರನ್ನು ಮೊದಲ ಮೂರು ತಿಂಗಳು ಗಲ್ಲಾದಲ್ಲೇ ಇರುವಂತೆ ಒಪ್ಪಿಸಿ, ಗುಡ್‌ವಿಲ್ಲಿನ ಕೊನೆಯ ಕಂತನ್ನು ಆ ಮೂರು ತಿಂಗಳು ಮುಗಿದ ಮೇಲೆ ಕೊಡುವಂತೆ ಕರಾರಿನಲ್ಲಿ ಬರೆಸಬೇಕು.