ಹಳೆಯ ಪ್ರೊಜೆಕ್ಟರ್ ಯಂತ್ರದ ಆರೈಕೆ

ನಮ್ಮ ಸೀಮೆಯ ಶಾಲೆಗಳ ಕಪಾಟುಗಳಲ್ಲಿಯೂ ಹಳೆಯ ಮನೆತನಗಳ ಅಟ್ಟಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಚಲನಚಿತ್ರ ಪ್ರೊಜೆಕ್ಟರು ದೊರೆಯುವುದುಂಟು. 16 ಮಿ.ಮೀ. ಫಿಲ್ಮು 1923ರಲ್ಲಿಯೂ 8 ಮಿ.ಮೀ. ಫಿಲ್ಮು 1932ರಲ್ಲಿಯೂ ಬಳಕೆಗೆ ಬಂದವು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ತಯಾರಿಸಿದ ಸಾಕ್ಷ್ಯಚಿತ್ರಗಳನ್ನು ಹಳ್ಳಿಯ ಬಯಲಿನಲ್ಲಿ ಬಿಳಿಯ ಪರದೆ ಕಟ್ಟಿ ತೋರಿಸಿದ್ದು 16 ಮಿ.ಮೀ. ಯಂತ್ರಗಳಿಂದಲೇ.

ಮನೆಮಂದಿ ತೆಗೆದ ಮದುವೆ, ಜಾತ್ರೆ, ಶಾಲಾ ಕ್ರೀಡೋತ್ಸವಗಳ ಸುರುಳಿಗಳು ಬಹುಮಟ್ಟಿಗೆ ರಿವರ್ಸಲ್ ಜಾತಿಯವು. ಕ್ಯಾಮರಾದೊಳಗೆ ಓಡಿದ ಫಿಲ್ಮೇ ತೊಳೆದ ಮೇಲೆ ಚಿತ್ರವಾಗುತ್ತದೆ. ಅದಕ್ಕೆ ಬೇರೆ ನೆಗೆಟಿವ್ ಇರುವುದಿಲ್ಲ. ಗೀರು ಬಿದ್ದರೆ ತೀರಿಹೋದ ಹಿರಿಯರ ಮುಖ ಮರಳಿ ದೊರೆಯದು. ಆದ್ದರಿಂದ ಸುರುಳಿಯನ್ನು ನೋಡುವ ಆತುರಕ್ಕಿಂತ ಮೊದಲು ಯಂತ್ರದ ಶುದ್ಧಿಯಾಗಬೇಕು.

ಐವತ್ತು ಅಡಿಯ 8 ಮಿ.ಮೀ. ಸುರುಳಿಯಲ್ಲಿ 4,000 ಚಿತ್ರಗಳಿರುತ್ತವೆ. ಸೆಕೆಂಡಿಗೆ 16ರಂತೆ ಓಡಿದರೆ ನಾಲ್ಕು ನಿಮಿಷದ ಆಟ. ಒಂದು ಸಣ್ಣ ಕೊಕ್ಕೆಯು ಪ್ರತಿಯೊಂದು ಚಿತ್ರವನ್ನೂ ಕೆಳಗೆಳೆದು ದೀಪದ ಮುಂದೆ ಕ್ಷಣಕಾಲ ನಿಲ್ಲಿಸುತ್ತದೆ. ಫಿಲ್ಮು ಹಾಯುವ ಈ ಕಿಂಡಿಗೆ ಗೇಟು ಎನ್ನುವರು. ಅಲ್ಲಿ ಒಂದು ಕಣ ಮರಳಿದ್ದರೆ ನಾಲ್ಕು ಸಾವಿರ ಚಿತ್ರಗಳಿಗೂ ಒಂದೇ ಗೆರೆ ಬೀಳುತ್ತದೆ. ಕುಷ್ಟಗಿ, ಯಲಬುರ್ಗಾಗಳ ಒಣ ಹೊಲಗಳಿಂದ ಬೇಸಿಗೆಯ ಗಾಳಿ ನುಣ್ಣನೆಯ ದೂಳನ್ನು ತರುತ್ತದೆ; ತುಂಗಭದ್ರಾ ಎಡದಂಡೆಯ ನೀರುಣ್ಣುವ ಗಂಗಾವತಿಯ ಭತ್ತದ ಬಯಲಿನಲ್ಲಿ ಮಳೆಗಾಲದ ತೇವವು ಮಸೂರಕ್ಕೆ ಬೂಷ್ಟನ್ನೂ ಉಕ್ಕಿಗೆ ತುಕ್ಕನ್ನೂ ಹಿಡಿಸುತ್ತದೆ. ಎರಡೂ ಯಂತ್ರಕ್ಕೆ ಶತ್ರುಗಳೇ.

ಮೊದಲು ವಿದ್ಯುತ್ ತಂತಿಯನ್ನು ಕಿತ್ತು, ದೀಪ ತಣ್ಣಗಾಗಲು ಬಿಡಬೇಕು. ಹ್ಯಾಲೊಜನ್ ದೀಪವನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಉಳಿದರೆ ಕಾದಾಗ ಗಾಜು ಸಿಡಿಯಬಹುದು. ತರುವಾಯ ಮಸೂರವನ್ನು ತೆಗೆದು, ಗೇಟನ್ನು ಮೆತ್ತನೆಯ ಕುಂಚದಿಂದ ಝಾಡಿಸಬೇಕು. ಗಟ್ಟಿಯಾಗಿ ಅಂಟಿದ ಕೊಳೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದಲೂ ಬಿದಿರಿನ ಕಡ್ಡಿಯಿಂದಲೂ ಬಿಡಿಸಬೇಕು. ಚಾಕು, ಸೂಜಿಗಳನ್ನು ಎಂದಿಗೂ ತಾಗಿಸಕೂಡದು. ಹಲ್ಲುಗಾಲಿಗಳನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಬೇಕು. ಫಿಲ್ಮನ್ನು ಸಾಗಿಸುವ ಪ್ರತಿಯೊಂದು ಉರುಳೆಯೂ ಸಲೀಸಾಗಿ ತಿರುಗುವುದೇ ಎಂದು ಬೆರಳಿನಿಂದ ಪರೀಕ್ಷಿಸಬೇಕು. ತಿರುಗದ ಉರುಳೆ ಫಿಲ್ಮನ್ನು ಕೆರೆಯುತ್ತದೆ.

ಬಂಡಿಗೆ ಕೀಲೆಣ್ಣೆ ಹಾಕದೆ ನಮ್ಮ ರೈತನು ಜಾತ್ರೆಗೆ ಹೊರಡುವುದಿಲ್ಲ. ಯಂತ್ರಕ್ಕೂ ಅದೇ ನ್ಯಾಯ. ಆದರೆ ಇಲ್ಲಿ ಮಿತಿಯೇ ಮುಖ್ಯ. ಗಟ್ಟಿಯಾದ ಹಳೆಯ ಗ್ರೀಸನ್ನು ಮೊದಲು ಒರೆಸಿ ತೆಗೆಯಬೇಕು. ಅದರ ಮೇಲೆಯೇ ಹೊಸದನ್ನು ಸುರಿದರೆ ದೂಳು ಸೇರಿ ಅರೆಯುವ ಹಿಟ್ಟಿನಂತಾಗುತ್ತದೆ. ಎಣ್ಣೆಯ ರಂಧ್ರಗಳಿಗೆ ಹೊಲಿಗೆ ಯಂತ್ರದ ತಿಳಿಯೆಣ್ಣೆ ಒಂದೆರಡು ಹನಿ ಸಾಕು. ಲೋಹದ ಹಲ್ಲುಚಕ್ರಗಳಿಗೆ ತೆಳುವಾಗಿ ಗ್ರೀಸು ಸವರಬೇಕು. ನೈಲಾನ್ ಚಕ್ರಗಳ ವಿಷಯದಲ್ಲಿ ತಯಾರಕರ ಕೈಪಿಡಿಯನ್ನೇ ಅನುಸರಿಸುವುದು ಕ್ಷೇಮ. ಕೊಬ್ಬರಿ ಎಣ್ಣೆಯಾಗಲಿ ಅಡಿಗೆಯ ಎಣ್ಣೆಯಾಗಲಿ ಸಲ್ಲದು. ಕಾಲಾಂತರದಲ್ಲಿ ಅವು ಅಂಟಾಗಿ ಯಂತ್ರವನ್ನೇ ಬಿಗಿದುಬಿಡುತ್ತವೆ. ಗೇಟು, ದೀಪ, ರಬ್ಬರ್ ಬೆಲ್ಟುಗಳಿಗೆ ಎಣ್ಣೆ ಸೋಕಬಾರದು. ಬೆಲ್ಟು ಬಿರುಸಾಗಿ ಬಿರಿದಿದ್ದರೆ ಬದಲಿಸುವುದೇ ಲೇಸು.

ಬಳಿಕ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ, ತಂತಿ ಹಳೆಯದಾಗಿದ್ದರೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಫಿಲ್ಮಿಲ್ಲದೆ ಐದು ನಿಮಿಷ ಓಡಿಸಬೇಕು. ಹೊರಬಂದ ಎಣ್ಣೆಯನ್ನು ಒರೆಸಬೇಕು. ಆಮೇಲೆ ಉಪಯೋಗವಿಲ್ಲದ ಫಿಲ್ಮಿನ ತುಂಡೊಂದನ್ನು ಹಾಯಿಸಿ, ಬೆಳಕಿಗೆ ಹಿಡಿದು ಗೀರುಗಳನ್ನು ಹುಡುಕಬೇಕು. ಒಂದೂ ಕಾಣದಿದ್ದಾಗ ಮಾತ್ರ ಅಮೂಲ್ಯವಾದ ಸುರುಳಿಗೆ ಕೈಹಚ್ಚಬೇಕು.

ಸುರುಳಿಯ ಡಬ್ಬಿಯನ್ನು ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ, ಅಥವಾ ಫಿಲ್ಮು ಮುದುಡಿದ್ದರೆ, ಅದನ್ನು ಪ್ರೊಜೆಕ್ಟರಿಗೆ ಏರಿಸಲೇಬಾರದು. ಅದು ಅಸಿಟೇಟ್ ಫಿಲ್ಮು ಕೊಳೆಯುತ್ತಿರುವುದರ ಗುರುತು. ಅಂತಹುದನ್ನು ಬೇರೆಯಾಗಿಟ್ಟು, ತಡಮಾಡದೆ ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಬೇಕು.

ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಇಂತಹ ಸುರುಳಿಗಳಿದ್ದರೆ ಅವು ಕೇವಲ ಮನೆಯ ಸ್ವತ್ತಲ್ಲ. ಬೇರೆಲ್ಲಿಯೂ ಬರೆದಿಡದ ಊರಿನ ಚರಿತ್ರೆ. ಎರಡು ಹನಿ ಎಣ್ಣೆ, ಒಂದು ಮೆತ್ತನೆಯ ಕುಂಚ, ಅರ್ಧ ದಿನದ ತಾಳ್ಮೆ ಇವಿಷ್ಟರಿಂದ ಅದು ಮುಂದಿನ ಪೀಳಿಗೆಗೆ ಉಳಿಯಬಲ್ಲುದು.